ವೀಸಾ ಬರುವ ತನಕ ಬಾಯಿ ಬಿಡಲಿಲ್ಲ, ಈಗ ಗೆಳತಿ ಮಾತು ಬಿಟ್ಟಿದ್ದಾಳೆ

ಪ್ರಶ್ನೆ: ನಾನು ಮಂಡ್ಯದವಳು, ವಯಸ್ಸು ಇಪ್ಪತ್ತೆರಡು. ನಾಲ್ಕು ವರ್ಷ ದಿನವೂ ರೈಲಿನಲ್ಲಿ ಮೈಸೂರಿಗೆ ಹೋಗಿ ಬಂದು ಎಂಜಿನಿಯರಿಂಗ್ ಮುಗಿಸಿದೆ. ಸೆಪ್ಟೆಂಬರ್ ಕೊನೆಯ ವಾರ ಎಂ.ಎಸ್. ಓದಲು ಜರ್ಮನಿಗೆ ಹೊರಡುತ್ತಿದ್ದೇನೆ. ವೀಸಾ ಕೈಗೆ ಬರುವ ತನಕ ಯಾರಿಗೂ ಹೇಳಬೇಡ, ಕಣ್ಣು ತಾಗುತ್ತದೆ ಎಂದು ಅಮ್ಮ ಹೇಳಿದ್ದರಿಂದ ಸುಮ್ಮನಿದ್ದೆ. ವೀಸಾ ಬಂದ ದಿನವೇ ಅಣ್ಣ ಸ್ಟೇಟಸ್ ಹಾಕಿಬಿಟ್ಟ. ಮೈಸೂರಿನಲ್ಲಿರುವ ನನ್ನ ಅತ್ಯಂತ ಹತ್ತಿರದ ಗೆಳತಿಗೆ ವಿಷಯ ತಿಳಿದದ್ದು ಹಾಗೆ. ಅವಳೂ ನನ್ನ ಜೊತೆಯಲ್ಲೇ ಜರ್ಮನ್ ಕಲಿಯಲು ಸೇರಿದ್ದಳು. ಮನೆಯಲ್ಲಿ ಹಣ ಹೊಂದಿಸಲು ಆಗಲಿಲ್ಲವೆಂದು ಕೈಬಿಟ್ಟಳು. ಈಗ ಫೋನ್ ಮಾಡಿದರೆ ಎತ್ತುತ್ತಾಳೆ. ‘ಹೂಂ’, ‘ಸರಿ’ ಬಿಟ್ಟರೆ ಬೇರೆ ಮಾತಿಲ್ಲ. ರೈಲಿನಲ್ಲಿ ಜೊತೆಗೆ ಓಡಾಡುತ್ತಿದ್ದ ಐದು ಜನ ಪಾರ್ಟಿ ಕೊಡು ಎಂದು ಬೆನ್ನು ಹತ್ತಿದ್ದಾರೆ. ಅವರಲ್ಲಿ ಇಬ್ಬರು ಈಗಲೂ ಅದೇ ರೈಲಿನಲ್ಲಿ ಮೈಸೂರಿಗೆ ಕೆಲಸಕ್ಕೆ ಹೋಗುತ್ತಾರೆ. ಎಲ್ಲರೆದುರು ಅತ್ತುಬಿಡುತ್ತೇನೆಂಬ ಭಯ ನನಗೆ. ಯಾರನ್ನೂ ನೋಡದೆ ಹೊರಟು, ಅಲ್ಲಿ ತಲುಪಿದ ಮೇಲೆ ಮೆಸೇಜ್ ಮಾಡಿದರೆ ತಪ್ಪೇ?
– ಹೆಸರು ಬೇಡ, ಮಂಡ್ಯ

ಉತ್ತರ: ತಪ್ಪೇ ಎಂದು ನೇರವಾಗಿ ಕೇಳಿದ್ದೀರಿ. ಹೌದು, ತಪ್ಪು. ಮಹಾಪಾಪವೇನಲ್ಲ; ಆದರೆ ಅದರ ಬಡ್ಡಿಯನ್ನು ಬಹಳ ಕಾಲ ಕಟ್ಟಬೇಕಾಗುತ್ತದೆ, ಕಟ್ಟುವವರೂ ನೀವೇ. ಇಪ್ಪತ್ತು ವರ್ಷಗಳಿಂದ ವಿದ್ಯಾರ್ಥಿಗಳ ಜೊತೆ ಆಪ್ತಸಮಾಲೋಚನೆ ಮಾಡುತ್ತಾ ಬಂದಿದ್ದೇನೆ ನಿಜ, ಆದರೆ ಈ ಮಾತನ್ನು ಆ ಅನುಭವದಿಂದ ಹೇಳುತ್ತಿಲ್ಲ. ಬಡ್ಡಿ ಕಟ್ಟಿದವಳಾಗಿ ಹೇಳುತ್ತಿದ್ದೇನೆ.

ತೊಂಬತ್ತರ ದಶಕದ ಆರಂಭ. ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದೆ. ಹಾಸ್ಟೆಲಿನ ಕೋಣೆಯಲ್ಲಿ ಜೊತೆಗಿದ್ದವಳಿಗೆ ಅಮೆರಿಕದಲ್ಲಿ ಸಂಶೋಧನೆಗೆ ಅವಕಾಶ ಸಿಕ್ಕಿತು. ಅವಳು ಮೈಸೂರು ಬಿಟ್ಟ ಸಂಜೆ ಹಾಸ್ಟೆಲಿನ ಅರ್ಧ ಜನ ರೈಲು ನಿಲ್ದಾಣಕ್ಕೆ ಹೋಗಿದ್ದರು. ನಾನು ತಲೆನೋವು ಎಂದು ಸುಳ್ಳು ಹೇಳಿ ಮುಸುಕು ಹಾಕಿಕೊಂಡು ಮಲಗಿದ್ದೆ. ತಿಂಗಳಾದ ಮೇಲೆ ಅವಳಿಂದ ಒಂದು ನೀಲಿ ಏರೋಗ್ರಾಮ್ ಬಂತು, ಮಡಿಕೆಯ ಅಂಚಿನ ತನಕ ಬರೆದು ತುಂಬಿಸಿದ್ದಳು. ನಾನು ಉತ್ತರ ಬರೆಯಲು ಕೂರುತ್ತಿದ್ದೆ, ಮೊದಲ ಸಾಲಿಗೇ ನಿಂತುಬಿಡುತ್ತಿದ್ದೆ. ನಿಲ್ದಾಣಕ್ಕೆ ಬಾರದಿದ್ದುದಕ್ಕೆ ಕ್ಷಮೆ ಕೇಳಬೇಕಿತ್ತು. ಕೇಳಬೇಕೆಂದರೆ ಸುಳ್ಳನ್ನು ಒಪ್ಪಿಕೊಳ್ಳಬೇಕಿತ್ತು. ಅದನ್ನು ಬಿಟ್ಟು ಹವೆ, ಊಟ, ಪರೀಕ್ಷೆ ಎಂದು ಬರೆದರೆ ಕಾಗದ ಓದಲು ನನಗೇ ನಾಚಿಕೆಯಾಗುತ್ತಿತ್ತು. ಉತ್ತರ ಹೋಗಲೇ ಇಲ್ಲ. ಎರಡನೆಯ ಏರೋಗ್ರಾಮ್ ಬಂತು, ಮೂರನೆಯದು ಬರಲಿಲ್ಲ.

ಅಲ್ಲಿಂದ ಮೆಸೇಜ್ ಮಾಡುತ್ತೇನೆ ಎನ್ನುತ್ತೀರಲ್ಲ, ಆ ಮೆಸೇಜಿನ ಮೊದಲ ಸಾಲು ಏನಿರುತ್ತದೆ? ಈಗಲೇ ಒಂದು ಚೀಟಿಯಲ್ಲಿ ಬರೆದು ನೋಡಿ. ಇಲ್ಲಿ ಕಷ್ಟವಾದದ್ದು ಅಲ್ಲಿ ಸುಲಭವಾಗುವುದಿಲ್ಲ. 2020ರಲ್ಲಿ ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು ಇದೇ ವಿಷಯದ ಮೇಲೆ ಒಂದು ಅಧ್ಯಯನ ಸರಣಿಯನ್ನು ಪ್ರಕಟಿಸಿದರು. ಬದುಕಿನ ಒಂದು ಘಟ್ಟ ಮುಗಿಯುವಾಗ ಮಾಡಬೇಕಾದದ್ದನ್ನೆಲ್ಲ ಮಾಡಿದೆ, ಎಳೆ ಯಾವುದೂ ಬಾಕಿ ಉಳಿದಿಲ್ಲ ಎಂದು ಅನ್ನಿಸಿದವರಿಗೆ ಪಶ್ಚಾತ್ತಾಪ ಕಡಿಮೆ, ಮುಂದಿನ ಘಟ್ಟಕ್ಕೆ ಹೊಂದಿಕೊಳ್ಳುವುದೂ ಸುಲಭ ಎಂಬುದು ಅವರು ಕಂಡುಕೊಂಡದ್ದು. ವಿದಾಯ ಅದ್ದೂರಿಯಾಗಿತ್ತೇ ಎಂಬುದು ಅಲ್ಲಿ ಮುಖ್ಯವಲ್ಲ. ಬಾಕಿ ಚುಕ್ತಾ ಆಯಿತೇ ಎಂಬುದು ಮುಖ್ಯ.

ನಿಮ್ಮ ಪತ್ರದಲ್ಲಿ ಬಾಕಿ ಇರುವುದು ಒಂದೇ. ಅದು ಪಾರ್ಟಿಯಲ್ಲ.

ಮೊದಲು ನಿಮ್ಮ ಅಮ್ಮನ ವಿಷಯ. ಕಣ್ಣು ತಾಗುತ್ತದೆ ಎಂಬ ಮಾತಿಗೆ ನಗುವವಳು ನಾನಲ್ಲ. ನಮ್ಮ ಕಡೆಯ ಮನೆಗಳಲ್ಲಿ ಹೆಣ್ಣು ನೋಡಲು ಬರುವವರ ಸುದ್ದಿಯನ್ನು ಗುಟ್ಟಾಗಿಡುತ್ತಾರೆ, ಬಸುರಿಯ ಸುದ್ದಿಯನ್ನು ಮೂರು ತಿಂಗಳು ಮುಚ್ಚಿಡುತ್ತಾರೆ, ಈಗ ಆ ಸಾಲಿಗೆ ವೀಸಾ ಸೇರಿದೆ. ಅದರ ಹಿಂದೆ ಒಂದು ವಿವೇಕವೂ ಇದೆ: ನಾಳೆ ವೀಸಾ ತಿರಸ್ಕೃತವಾದರೆ ಕೇರಿಯವರಿಗೆಲ್ಲ ಉತ್ತರ ಹೇಳುತ್ತಾ ಕೂರಬೇಕು. ನಿಮ್ಮ ಅಮ್ಮ ನಿಮ್ಮನ್ನು ಕಾಪಾಡಿದ್ದು ಅದರಿಂದ. ಆದರೆ ‘ಯಾರಿಗೂ ಹೇಳಬೇಡ’ ಎಂದಾಗ ಅವರ ಮನಸ್ಸಿನಲ್ಲಿದ್ದವರು ಪಕ್ಕದ ಮನೆಯವರು, ದೂರದ ನೆಂಟರು. ಜೊತೆಯಲ್ಲಿ ಕೂತು ಜರ್ಮನ್ ಕ್ರಿಯಾಪದ ಉರು ಹೊಡೆದವಳನ್ನೂ ಆ ‘ಯಾರಿಗೂ’ ಒಳಗೆ ಸೇರಿಸಿದವರು ನೀವು.

ಏಕೆ ಸೇರಿಸಿದಿರಿ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕವಿಲ್ಲ. ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಆ ದೇಶದ ಆಸೆ ಚಿಗುರುವುದೇ ಆ ಕಾರಣಕ್ಕೆ. ಆದರೆ ವೀಸಾ ಕೇಳುವ ಮೊದಲು ಒಂದು ವರ್ಷದ ಜೀವನ ವೆಚ್ಚವನ್ನು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಂತಿಷ್ಟೇ ಎಂದು ಹಣ ತೆಗೆಯಬಹುದಾದ ಖಾತೆಯಲ್ಲಿ, ಇಟ್ಟು ತೋರಿಸಬೇಕು: ತಿಂಗಳಿಗೆ 992ರಂತೆ 11,904 ಯೂರೋ. ನಮ್ಮ ರೂಪಾಯಿಯಲ್ಲಿ ಅದು ಹತ್ತು ಲಕ್ಷ ದಾಟುತ್ತದೆ. ನಿಮ್ಮ ಮನೆಯವರು ಹೇಗೋ ಹೊಂದಿಸಿದರು, ಅವಳ ಮನೆಯವರಿಗೆ ಆಗಲಿಲ್ಲ. ನಿಮ್ಮಿಬ್ಬರ ನಡುವೆ ಬಂದು ನಿಂತದ್ದು ಬುದ್ಧಿಯಲ್ಲ, ಅಂಕಪಟ್ಟಿಯಲ್ಲ, ಈ ಠೇವಣಿ. ಅದು ಇಬ್ಬರಿಗೂ ಗೊತ್ತು. ಗೊತ್ತಿರುವುದರಿಂದಲೇ ಅವಳ ಮುಖ ನೋಡಿ ಸುದ್ದಿ ಹೇಳಲು ನಿಮಗೆ ಧೈರ್ಯ ಬರಲಿಲ್ಲ. ಅಮ್ಮನ ಮಾತು ಒಂದು ಒಳ್ಳೆಯ ನೆಪವಾಗಿ ಒದಗಿತು.

ಅವಳಿಗೆ ಹೊಟ್ಟೆಕಿಚ್ಚು ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಈಗಾಗಲೇ ಹೇಳಿರಬಹುದು. ಸ್ವಲ್ಪ ಇದ್ದೇ ಇರುತ್ತದೆ, ಇರದಿದ್ದರೆ ನನಗೆ ಆಶ್ಚರ್ಯ. ಆದರೆ ಅವಳು ‘ಹೂಂ’, ‘ಸರಿ’ಗೆ ಇಳಿದಿರುವುದು ಆ ಕಿಚ್ಚಿನಿಂದಲ್ಲ ಎಂದು ನನಗೆ ಅನ್ನಿಸುತ್ತದೆ. ನಿಮ್ಮ ಅಣ್ಣನ ಸ್ಟೇಟಸ್ಸನ್ನು ಅವನ ಆಫೀಸಿನವರು ನೋಡಿದರು, ಕ್ರಿಕೆಟ್ ಗೆಳೆಯರು ನೋಡಿದರು, ಹಾಗೆಯೇ ಅವಳೂ ನೋಡಿದಳು. ನಾಲ್ಕು ವರ್ಷದ ಗೆಳೆತನಕ್ಕೆ ಸಿಕ್ಕ ಸ್ಥಾನ ಅದು. ನಿಮ್ಮ ಸಂಭ್ರಮ ಅವಳನ್ನು ಅಷ್ಟು ನೋಯಿಸಿರಲಾರದು, ಸಾಲಿನಲ್ಲಿ ತಾನು ಎಲ್ಲಿ ನಿಂತಿದ್ದೇನೆ ಎಂದು ತಿಳಿದದ್ದು ನೋಯಿಸಿದೆ.

ಹಾಗಾಗಿ ಅವಳನ್ನು ಒಬ್ಬಳನ್ನೇ, ಎಲ್ಲರಿಗಿಂತ ಮೊದಲು ನೋಡಿ. ಹೋಟೆಲಿನಲ್ಲಿ ಬೇಡ. ಎದುರುಬದುರು ಕೂತು, ನಡುವೆ ಎರಡು ದೋಸೆ ಇಟ್ಟುಕೊಂಡು ಕ್ಷಮೆ ಕೇಳುವುದು ಬಹಳ ಕಷ್ಟ. ಮಾಣಿ ಬಂದು ಇನ್ನೇನು ಬೇಕು ಎನ್ನುವ ಹೊತ್ತಿಗೇ ಅಳು ಬರುತ್ತದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಾ ಮಾತನಾಡಿ. ಅಕ್ಕಪಕ್ಕ ನಡೆಯುವಾಗ ಮುಖ ನೋಡಲೇಬೇಕಾದ ಬಲವಂತ ಇರುವುದಿಲ್ಲ, ಮಾತು ನಿಂತರೆ ನೀರು ನೋಡಬಹುದು, ಹಕ್ಕಿ ನೋಡಬಹುದು. ನಿಧಾನವಾಗಿ ಒಂದು ಸುತ್ತು ಹಾಕಲು ಗಂಟೆ ಹಿಡಿಯುತ್ತದೆ. ನಡುವೆ ಎದ್ದು ಹೋಗಲು ಇಬ್ಬರಿಗೂ ಆಗುವುದಿಲ್ಲ, ಹೇಗಿದ್ದರೂ ಸುತ್ತಿಕೊಂಡೇ ಬರಬೇಕು. ನನ್ನ ಕೋಣೆಯ ನಾಲ್ಕು ಗೋಡೆಗಳ ನಡುವೆ ಬಾಯಿ ಬಿಡದ ಎಷ್ಟೋ ಮಕ್ಕಳು ಆ ಏರಿಯ ಮೇಲೆ ಮಾತನಾಡಿದ್ದಾರೆ.

ಹೇಳಬೇಕಾದದ್ದು ಇಷ್ಟೇ: ‘ಅರ್ಜಿ ಹಾಕಿದ ದಿನವೇ ನಿನಗೆ ಹೇಳಬೇಕಿತ್ತು. ಹೇಳಲಿಲ್ಲ. ನಿನ್ನ ಮುಖ ನೋಡಲು ಧೈರ್ಯ ಬರಲಿಲ್ಲ.’ ಮೂರು ವಾಕ್ಯ. ನಾಲ್ಕನೆಯದನ್ನು ಸೇರಿಸಬೇಡಿ; ನಾಲ್ಕನೆಯದು ಸಾಮಾನ್ಯವಾಗಿ ‘ಆದರೆ ಅಮ್ಮ…’ ಎಂದು ಶುರುವಾಗುತ್ತದೆ. ‘ಮುಂದಿನ ವರ್ಷ ನೀನೂ ಬಂದೇ ಬರುತ್ತೀಯ’ ಎಂಬ ಸಮಾಧಾನವೂ ಬೇಡ. ಅವಳ ಮನೆಯ ಲೆಕ್ಕ ಅವಳಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಅವಳು ಸಿಟ್ಟಾದರೆ ಆಗಲಿ, ಅತ್ತರೆ ಅಳಲಿ, ಏನೂ ಮಾತನಾಡದಿದ್ದರೆ ನೀವೂ ಸುಮ್ಮನೆ ನಡೆಯಿರಿ. ಅದೇ ದಿನ ಎಲ್ಲವೂ ಮೊದಲಿನಂತಾಗಬೇಕೆಂಬ ಹಟ ಹಿಡಿಯಬೇಡಿ.

ಒಂದು ಸಣ್ಣ ವಿಷಯ. ಸಣ್ಣದಾದರೂ ಇದರಲ್ಲಿ ಎಡವಿದವರನ್ನು ಬಹಳ ನೋಡಿದ್ದೇನೆ. ಜರ್ಮನ್ ತರಗತಿಯ ನಿಮ್ಮ ಪುಸ್ತಕಗಳು ಮನೆಯಲ್ಲಿ ಇರುತ್ತವೆ. ಸೂಟ್‌ಕೇಸಿನಲ್ಲಿ ಜಾಗವಿಲ್ಲ, ಅವಳಿಗೇ ಕೊಟ್ಟು ಹೋದರೆ ನೆನಪಿಗೆ ಇರುತ್ತದೆ ಎಂದು ನಿಮಗೆ ಅನ್ನಿಸುತ್ತದೆ. ನೀವು ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತೀರಿ. ಅಂಚಿನಲ್ಲಿ ನೀವಿಬ್ಬರೂ ಪೆನ್ಸಿಲಿನಲ್ಲಿ ಬರೆದುಕೊಂಡ ಕನ್ನಡ ಅರ್ಥಗಳೊಂದಿಗೆ ಆ ಪುಸ್ತಕ ಅವಳ ಮೇಜಿನ ಮೇಲೆ ಕೂತರೆ ದಿನವೂ ಏನು ಹೇಳುತ್ತದೆ, ಯೋಚಿಸಿ. ಅವಳು ಕೇಳಿದರೆ ಕೊಡಿ. ಕೇಳದಿದ್ದರೆ ನಿಮ್ಮ ಮನೆಯ ಅಟ್ಟದ ಮೇಲೆ ಇರಲಿ. ಚಳಿಯ ಜಾಕೆಟ್ ಕೊಳ್ಳಲು ಅವಳನ್ನು ಜೊತೆಗೆ ಕರೆಯುವುದಕ್ಕೂ ಇದೇ ಮಾತು.

ಭೇಟಿಗೆ ಅವಳು ಒಪ್ಪದಿದ್ದರೆ? ಆಗ ಕೈಬರಹದಲ್ಲಿ ಒಂದು ಕಾಗದ ಬರೆದು ಅಂಚೆಗೆ ಹಾಕಿ, ಮೆಸೇಜ್ ಅಲ್ಲ. ಮೆಸೇಜಿಗೆ ನೀಲಿ ಗೆರೆ ಬರುತ್ತದೆ, ಉತ್ತರ ಏಕಿಲ್ಲ ಎಂದು ನೀವು ಲೆಕ್ಕ ಹಾಕುತ್ತಾ ಕೂರುತ್ತೀರಿ. ಕಾಗದ ಉತ್ತರಕ್ಕೆ ಅವಸರ ಮಾಡುವುದಿಲ್ಲ. ಕ್ಷಮೆಯ ಜೊತೆಗೆ, ಈ ನಾಲ್ಕು ವರ್ಷಗಳಲ್ಲಿ ಅವಳು ನಿಮಗೆ ಮಾಡಿದ ಒಂದು ಉಪಕಾರವನ್ನು ಹೆಸರಿಟ್ಟು ಬರೆಯಿರಿ: ಯಾವ ದಿನ, ಯಾವ ಪರೀಕ್ಷೆ, ಯಾರ ಮನೆ. ಬರೆಯಲು ಸಂಕೋಚವಾಗುತ್ತದೆ, ಗೊತ್ತು. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಕೃತಜ್ಞತೆಯ ಪತ್ರಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಓದುವವರಿಗೆ ಮುಜುಗರವಾಗಬಹುದು ಎಂದು ಬರೆದವರು ಅಂದುಕೊಂಡಷ್ಟು ಮುಜುಗರ ಆಗಿರಲಿಲ್ಲ, ಸಂತೋಷ ಮಾತ್ರ ಅಂದುಕೊಂಡದ್ದಕ್ಕಿಂತ ಹೆಚ್ಚೇ ಆಗಿತ್ತು.

ಇನ್ನು ಪಾರ್ಟಿ. ಕೇಳುತ್ತಿದ್ದಾರೆ, ಕೊಟ್ಟುಬಿಡಿ, ಆದರೆ ಅದನ್ನೇ ವಿದಾಯ ಎಂದುಕೊಳ್ಳಬೇಡಿ. ಆರು ಜನ ಒಂದೇ ಮೇಜಿಗೆ ಕೂತಲ್ಲಿ ನಗು, ಫೋಟೊ, ಬಿಲ್ಲು ಹಂಚಿಕೊಳ್ಳುವ ಗಲಾಟೆ ಇರುತ್ತದೆ, ಮಾತು ಇರುವುದಿಲ್ಲ. ಅತ್ತುಬಿಡುವ ಭಯವೂ ಬೇಡ. ಅಂಥ ಗಲಾಟೆಯಲ್ಲಿ ಯಾರಿಗೂ ಅಳು ಬರುವುದಿಲ್ಲ, ಬಂದರೂ ಮೆಣಸಿನಕಾಯಿಯ ಮೇಲೆ ಹಾಕಬಹುದು.

ರೈಲಿನ ಗುಂಪಿಗೆ ನಿಜವಾದ ವಿದಾಯ ರೈಲಿನಲ್ಲೇ ಆಗಬೇಕು ಎಂಬುದು ನನ್ನ ಸಲಹೆ. ಲೆಕ್ಕ ಹಾಕಿ ನೋಡೋಣ. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್. ಹೋಗಲು, ಬರಲು ಸೇರಿ ದಿನಕ್ಕೆ ಎರಡು ಗಂಟೆ ಎಂದು ಇಟ್ಟುಕೊಳ್ಳಿ. ತಡವಾದ ದಿನಗಳ ಲೆಕ್ಕ ಬೇರೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಪರಿಚಯದವರು ಸಾಧಾರಣ ಗೆಳೆಯರಾಗಲು 50 ಗಂಟೆಯ ಒಡನಾಟ ಸಾಕು, ಆಪ್ತರಾಗಲು 200 ಗಂಟೆಗೂ ಹೆಚ್ಚು ಬೇಕು. ನೂರು ದಿನ ಕಾಲೇಜು ನಡೆದರೆ ನಿಮ್ಮ 200 ಗಂಟೆ ಮುಗಿಯಿತು. ಅಂದರೆ ಮೊದಲ ವರ್ಷ ಮುಗಿಯುವ ಮುನ್ನವೇ ನೀವು ಆರು ಜನ ಆಪ್ತರಾಗಿದ್ದಿರಿ, ಉಳಿದ ಮೂರು ವರ್ಷ ಅದರ ಮೇಲಿನ ಗಳಿಕೆ. ಯಾರೂ ಯಾರನ್ನೂ ಆರಿಸಿಕೊಂಡಿರಲಿಲ್ಲ. ಮೊದಲು ಹತ್ತಿದವರು ಕರ್ಚೀಫು ಹಾಕಿ ಸೀಟು ಹಿಡಿದರು, ಉಳಿದವರು ಬಂದು ಒತ್ತಿಕೊಂಡು ಕೂತರು. ತೊಡೆಯ ಮೇಲೆ ಲ್ಯಾಬ್ ರೆಕಾರ್ಡ್ ಇಟ್ಟುಕೊಂಡು ಪಾಂಡವಪುರದ ಹೊತ್ತಿಗೆ ಅರ್ಧ ಬರೆದು, ನಾಗನಹಳ್ಳಿ ದಾಟುವುದರೊಳಗೆ ಉಳಿದರ್ಧವನ್ನು ಇನ್ನೊಬ್ಬರಿಂದ ನಕಲು ಮಾಡಿದ್ದೀರಿ. ಶ್ರೀರಂಗಪಟ್ಟಣದ ಸೇತುವೆ ಬಂದಾಗ ಚಕ್ರದ ಸದ್ದು ಬದಲಾಗುತ್ತದೆ, ಆಡುತ್ತಿದ್ದ ಮಾತು ನಿಲ್ಲುತ್ತದೆ, ಕಾವೇರಿಯಲ್ಲಿ ನೀರೆಷ್ಟಿದೆ ಎಂದು ಎಲ್ಲರ ತಲೆಗಳೂ ಕಿಟಕಿಗೆ ಬಾಗುತ್ತವೆ. ಮಂಡ್ಯದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಈ ಗೆಳೆತನ ಹುಟ್ಟಿದ್ದು ಮಾತಿನಿಂದಲ್ಲ, ಏನೂ ಕೆಲಸವಿಲ್ಲದೆ ಒಟ್ಟಿಗೆ ಕೂತ ಹೊತ್ತಿನಿಂದ. ಹಾಗಾಗಿ ಹೊರಡುವುದಕ್ಕೆ ಒಂದು ವಾರ ಮೊದಲು, ಒಂದು ಸಾಮಾನ್ಯ ವಾರದ ದಿನ, ಬೆಳಗ್ಗೆ ಈಗಲೂ ಕೆಲಸಕ್ಕೆ ಹೋಗುವ ಆ ಇಬ್ಬರ ಜೊತೆ ಅದೇ ಡಬ್ಬಿ ಹತ್ತಿ. ಮೈಸೂರಿನಲ್ಲಿ ಅವರು ಕೆಲಸಕ್ಕೆ ಹೋಗಲಿ, ನೀವು ಊರು ಸುತ್ತಿ. ಸಂಜೆ ಮತ್ತೆ ಜೊತೆಗೂಡಿ ವಾಪಸ್ ಬನ್ನಿ. ಉಳಿದ ಮೂವರಿಗೂ ರಜೆ ಹಾಕಲು ಹೇಳಿ, ಬಂದರೆ ಬರಲಿ. ಭಾಷಣ ಬೇಡ. ಹೇಳಬೇಕಾದದ್ದು ಒಬ್ಬೊಬ್ಬರಿಗೂ ಬೇರೆ ಬೇರೆ ಇರುತ್ತದೆ. ಬಾಗಿಲ ಹತ್ತಿರ ಗಾಳಿಗೆ ನಿಂತಾಗ ಅದು ತಾನಾಗಿ ಬರುತ್ತದೆ. ಬಾರದಿದ್ದರೂ ನಷ್ಟವಿಲ್ಲ.

ಮುಂದೆ ಸಂಪರ್ಕ ಇಟ್ಟುಕೊಳ್ಳುವ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಮ್ಮ ಭಾಷೆಯಲ್ಲಿ ಹೊರಡುವವರು ‘ಹೋಗುತ್ತೇನೆ’ ಎನ್ನುವಂತಿಲ್ಲ, ‘ಬರುತ್ತೇನೆ’ ಎನ್ನಬೇಕು. ಚೆಂದದ ರೂಢಿ. ಆದರೆ ಅದರ ಮರೆಯಲ್ಲಿ ನಾವು ಬಹಳ ಸುಳ್ಳು ಹೇಳುತ್ತೇವೆ. ಮುಂದಿನ ದಸರಾಕ್ಕೆ ಬರುತ್ತೇನೆ, ದಿನವೂ ವೀಡಿಯೊ ಕರೆ ಮಾಡುತ್ತೇನೆ, ಯಾವುದೂ ಬದಲಾಗುವುದಿಲ್ಲ – ಇವನ್ನು ಹೇಳಬೇಡಿ. ವಿಮಾನದ ದರ ನೋಡಿದ ಮೇಲೆ ದಸರಾ ಮುಂದಕ್ಕೆ ಹೋಗುತ್ತದೆ, ದಿನದ ಕರೆ ನವೆಂಬರ್ ಹೊತ್ತಿಗೆ ನಿಲ್ಲುತ್ತದೆ, ನಿಂತ ಮೇಲೆ ಇಬ್ಬರಿಗೂ ಅಪರಾಧಿ ಭಾವ. ಹದಿನೈದು ದಿನಕ್ಕೊಮ್ಮೆ, ಒಂದು ನಿಗದಿತ ವಾರ, ಒಂದು ನಿಗದಿತ ಹೊತ್ತು ಎಂದಿಟ್ಟುಕೊಳ್ಳಿ. ನೀವು ತಲುಪಿದಾಗ ಇಲ್ಲಿನ ರಾತ್ರಿ ಒಂಬತ್ತೂವರೆಗೆ ಅಲ್ಲಿ ಸಂಜೆ ಆರು. ಅಕ್ಟೋಬರ್ ಕೊನೆಯ ಭಾನುವಾರ ಯುರೋಪಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಅಂದಿನಿಂದ ಇಲ್ಲಿನ ಒಂಬತ್ತೂವರೆಗೆ ಅಲ್ಲಿ ಐದು. ನಿಮ್ಮ ತರಗತಿ ಇನ್ನೂ ಮುಗಿದಿರುವುದಿಲ್ಲ, ಇಲ್ಲಿ ಅವರು ಫೋನ್ ಹಿಡಿದು ಕಾಯುತ್ತಿರುತ್ತಾರೆ. ‘ಹೋಗಿ ಒಂದು ತಿಂಗಳಿಗೇ ಬದಲಾದಳು’ ಎಂಬ ಮಾತು ಹುಟ್ಟುವುದು ಇಂಥ ಕಡೆ. ಮೊದಲೇ ತಿಳಿಸಿಡಿ.

ಗುಂಪಿನಲ್ಲಿ ಹುಡುಗರೂ ಇದ್ದರೆ ಇನ್ನೊಂದು ಮಾತು. ಬ್ರಿಟನ್ನಿನಲ್ಲಿ ಸ್ಯಾಮ್ ರಾಬರ್ಟ್ಸ್ ಮತ್ತು ರಾಬಿನ್ ಡನ್ಬಾರ್ ಎಂಬ ಸಂಶೋಧಕರು, ಶಾಲೆ ಮುಗಿಸಿ ವಿಶ್ವವಿದ್ಯಾಲಯಕ್ಕೋ ಕೆಲಸಕ್ಕೋ ಹೊರಟ 30 ಮಂದಿಯ ಗೆಳೆತನಗಳನ್ನು 18 ತಿಂಗಳು ಗಮನಿಸಿದರು. ಹುಡುಗಿಯರ ಗೆಳೆತನವನ್ನು ಮಾತುಕತೆ ಉಳಿಸಿತು, ಹುಡುಗರದನ್ನು ಜೊತೆಯಲ್ಲಿ ಏನಾದರೂ ಮಾಡುವುದು ಉಳಿಸಿತು. ಮೂವತ್ತೇ ಜನರ ಅಧ್ಯಯನ, ಅದನ್ನು ವೇದವಾಕ್ಯ ಎನ್ನಲಾರೆ; ಆದರೂ ನಾನು ಕಂಡದ್ದಕ್ಕೆ ಹೊಂದುತ್ತದೆ. ಹುಡುಗರನ್ನು ‘ಮತ್ತೇನು ಸಮಾಚಾರ’ ಎಂಬ ಕರೆಗೆ ಕೂರಿಸಿದರೆ ಐದು ನಿಮಿಷದಲ್ಲಿ ಬರಿದಾಗುತ್ತಾರೆ. ಫೋನಿನಲ್ಲಿ ಚದುರಂಗ ಆಡಿ, ಅಥವಾ ಕ್ರಿಕೆಟ್ ಪಂದ್ಯ ನಡೆಯುವಾಗ ಓವರಿಗೊಂದು ಮೆಸೇಜ್ ಹಾಕಿ ಜಗಳವಾಡಿ.

ಉಡುಗೊರೆ ತರುವವರಿಗೆ ಸೂಟ್‌ಕೇಸಿನ ತೂಕದ ಮಿತಿಯನ್ನು ಮೊದಲೇ ಹೇಳಿ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜಿಗೇ ಅಮ್ಮ ಅರ್ಧ ಜಾಗ ಹಿಡಿದಿರುತ್ತಾರೆ. ಅದರ ಮೇಲೆ ಚೌಕಟ್ಟು ಹಾಕಿದ ದೊಡ್ಡ ಫೋಟೊ ಬಂದರೆ ಅದು ಮಂಡ್ಯದಲ್ಲೇ ಉಳಿಯುತ್ತದೆ, ಕೊಟ್ಟವರಿಗೂ ತಿಳಿಯುತ್ತದೆ. ವಿಮಾನ ನಿಲ್ದಾಣಕ್ಕೆ ಗೆಳೆಯರನ್ನು ಕರೆಯಬೇಡಿ. ಮಂಡ್ಯದಿಂದ ನೂರಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ, ಹೆಚ್ಚಾಗಿ ನಡುರಾತ್ರಿ, ಟಿಕೆಟ್ ಇಲ್ಲದವರು ಟರ್ಮಿನಲ್ ಬಾಗಿಲಿನಾಚೆ ಬರುವಂತಿಲ್ಲ. ಅಲ್ಲಿನ ಹತ್ತು ನಿಮಿಷ ನಿಮ್ಮ ಅಪ್ಪ ಅಮ್ಮನ ಪಾಲು. ಅಪ್ಪಂದಿರು ಆ ಹತ್ತು ನಿಮಿಷವನ್ನು ಪಾಸ್‌ಪೋರ್ಟ್ ಇದೆಯೇ ಎಂದು ನಾಲ್ಕು ಸಲ ಕೇಳುವುದರಲ್ಲೇ ಕಳೆಯುತ್ತಾರೆ. ಕೇಳಲಿ, ನಾಲ್ಕು ಸಲವೂ ತೆಗೆದು ತೋರಿಸಿ.

ಅಂತೂ ಕ್ರಮ ಹೀಗಿರಲಿ: ಈ ವಾರವೇ ಕೆರೆಯ ಏರಿ, ಆಮೇಲೆ ಪಾರ್ಟಿ, ಕೊನೆಗೆ ರೈಲು. ಕೆರೆಯ ಏರಿಯ ಮಾತು ಚೆನ್ನಾಗಿ ಆಗಿದ್ದರೆ ರೈಲಿನ ದಿನ ಮಧ್ಯಾಹ್ನ ಮೈಸೂರಿನಲ್ಲಿ ನಿಮಗೆ ಜೊತೆಯೂ ಸಿಗಬಹುದು. ಅಂದಹಾಗೆ, ಆ ದಿನ ಅಭ್ಯಾಸಬಲದಿಂದ ನೇರವಾಗಿ ಪ್ಲಾಟ್‌ಫಾರ್ಮಿಗೆ ನುಗ್ಗಬೇಡಿ. ನಿಮ್ಮ ಪಾಸಿನ ಅವಧಿ ಎಂದೋ ಮುಗಿದಿರುತ್ತದೆ, ಟಿಕೆಟ್ ತೆಗೆದುಕೊಳ್ಳಿ.